ಸಾಲಿನೊಳಗೆ ಸೇರಿಕೊಂಡ ತಲೆಬರಹ

ಬಿ.ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್ 1897ರಲ್ಲಿ ಪರಿಷ್ಕೃತಗೊಂಡು ಎರಡು ಸಂಪುಟಗಳಲ್ಲಿ ಹೊರಬಂತು. ಎರಡನೆಯ ಸಂಪುಟ ಜಿಲ್ಲಾವಾರು. ಹಾಸನ ಜಿಲ್ಲೆಯ ಭಾಗದ ಕೊನೆಯಲ್ಲಿ ಅರಸೀಕೆರೆ, ಬೇಲೂರು, ಹಳೇಬೀಡು ಮುಂತಾದ ಊರುಗಳು ಇಂಗ್ಲಿಷ್ ಅಕ್ಷರಕ್ರಮದಲ್ಲಿ ಬರುತ್ತವೆ. ಊರಿನ ಹೆಸರಿಗೆ ಅಲ್ಲಿ ಪ್ರತ್ಯೇಕ ಸಾಲು ಸಿಕ್ಕಿಲ್ಲ. ಪ್ಯಾರಾದ ತಲೆಯಲ್ಲೇ ಎದ್ದು ಕಾಣುವ ಅಕ್ಷರದಲ್ಲಿ ಹೆಸರು, ಅದರ ಬೆನ್ನಿಗೆ ಚುಕ್ಕಿ, ಅಡ್ಡಗೆರೆ, ಆ ಕೂಡಲೇ ಅದೇ ಸಾಲಿನಲ್ಲಿ ವಿವರ ಶುರು. ಮುದ್ರಣದವರು ಇದನ್ನು ರನ್-ಇನ್ ಹೆಡಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಸಾಲಿನೊಳಗಿನ ತಲೆಬರಹ ಎಂದುಕೊಂಡರೆ ಕೆಲಸ ನಡೆಯುತ್ತದೆ.

ಹೀಗೆ ಮಾಡುವುದಕ್ಕೆ ಕಾರಣ ಲೆಕ್ಕಾಚಾರದ್ದು. ಬಿಡಿ ಸಾಲಿನ ತಲೆಬರಹಕ್ಕೆ ತನ್ನದೊಂದು ಸಾಲು ಬೇಕು, ಮೇಲೆ ಕೆಳಗೆ ಒಂದಿಷ್ಟು ಖಾಲಿ ಜಾಗವೂ ಬೇಕು. ಊರಿನ ಬಗ್ಗೆ ಹೇಳಬೇಕಾದ್ದೇ ಎರಡು ಮೂರು ಸಾಲು ಇರುವಾಗ ತಲೆಬರಹ ಮತ್ತು ಅದರ ಸುತ್ತಲಿನ ಬಿಳಿ ಸೇರಿ ವಿಷಯದಷ್ಟೇ ಕಾಗದ ತಿನ್ನುತ್ತವೆ. ನೂರಾರು ಊರುಗಳ ಪುಸ್ತಕದಲ್ಲಿ ಅದು ಹತ್ತಾರು ಪುಟಗಳ ಖರ್ಚು. ಇನ್ನೊಂದು ಅನುಕೂಲ ಕಣ್ಣಿಗೆ ಸಂಬಂಧಿಸಿದ್ದು: ಅಧ್ಯಾಯ, ಉಪವಿಭಾಗ, ಅದರೊಳಗಿನ ವಿಭಾಗ ಎಂದು ಇಳಿಯುತ್ತ ಹೋದಂತೆ ಕೊನೆಯ ಮೆಟ್ಟಿಲು ಹೆಚ್ಚು ಸದ್ದು ಮಾಡಬಾರದು. ಸಾಲಿನೊಳಗೆ ತಗ್ಗಿ ಕೂತ ತಲೆಬರಹ ತಾನು ಚಿಕ್ಕ ಮೆಟ್ಟಿಲೆಂದು ತಾನೇ ಹೇಳಿಕೊಳ್ಳುತ್ತದೆ.

ಜಾಗದ ಈ ಜಿಪುಣತನ ಅಚ್ಚುಮೊಳೆಯೊಂದಿಗೆ ಹುಟ್ಟಿದ್ದೇನಲ್ಲ. ಇದೇ ಸೀಮೆಯ ಹೊಯ್ಸಳರ ಕಾಲದ ಕಲ್ಲುಗಳಲ್ಲೂ ಅದು ಉಂಟು. ಶಾಸನದ ಕಲ್ಲಿನಲ್ಲಿ ಅಕ್ಷರಗಳು ಅಂಚಿನಿಂದ ಅಂಚಿಗೆ ತುಂಬಿರುತ್ತವೆ; ಪದ್ಯ ಮುಗಿದು ಗದ್ಯ ಬಂದರೂ ಹೊಸ ಸಾಲಿಲ್ಲ, ಪದಗಳ ನಡುವೆ ತೆರಪಿಲ್ಲ. ಆದರೂ ಓದುವವನಿಗೆ ಮುಂದೆ ಬರುವುದು ಯಾವ ಧಾಟಿ ಎಂದು ತಿಳಿಯಬೇಕಲ್ಲ? ಅದಕ್ಕಾಗಿ ಅನೇಕ ಶಾಸನಗಳಲ್ಲಿ ಕಂದಪದ್ಯದ ಮುಂದೆ ‘ಕಂ’, ವೃತ್ತದ ಮುಂದೆ ‘ವೃ’, ಗದ್ಯದ ಮುಂದೆ ‘ವಚನ’ ಎಂಬ ಗುರುತು, ಪಕ್ಕದಲ್ಲಿ ಜೋಡಿ ದಂಡ. ಎಲ್ಲವೂ ಅದೇ ಸಾಲಿನ ಒಳಗೆ. ಬೇಲೂರು ತಾಲ್ಲೂಕಿನದೇ ಆದ, ಕ್ರಿ.ಶ. 450ರ ಸುಮಾರಿನದೆಂದು ಎಣಿಸಲಾದ ಹಲ್ಮಿಡಿ ಶಾಸನ ಹದಿನಾರೇ ಸಾಲಿನ ಪುಟ್ಟ ಬರಹ. ಅದಕ್ಕೆ ಇಂಥ ಗುರುತುಗಳ ಹಂಗಿಲ್ಲ. ಪ್ರಶಸ್ತಿ, ವಂಶಾವಳಿ, ದಾನದ ವಿವರ, ಎಲ್ಲೆಕಟ್ಟು, ಶಾಪಾಶಯ ಎಂದು ಬೆಳೆದ ಹನ್ನೆರಡು, ಹದಿಮೂರನೆಯ ಶತಮಾನದ ದೊಡ್ಡ ಶಾಸನಗಳಿಗೆ ಅವು ಬೇಕಾದವು.

ಹೊಯ್ಸಳರ ಕಾಲದವನೇ ಆದ ಕೇಶಿರಾಜನ ಶಬ್ದಮಣಿದರ್ಪಣವನ್ನೂ ಇಲ್ಲಿ ನೆನೆಯಬಹುದು. ಅದರ ಕಟ್ಟಡವೇ ಸೂತ್ರ, ವೃತ್ತಿ, ಪ್ರಯೋಗ ಎಂಬ ಮೂರು ಕಂಬಗಳ ಮೇಲೆ ನಿಂತಿದೆ. ಇಂದು ಅದನ್ನು ಅಚ್ಚು ಮಾಡುವವರು ‘ವೃತ್ತಿ’, ‘ಪ್ರಯೋಗ’ ಎಂಬ ಪದಗಳನ್ನು ಪ್ಯಾರಾದ ತಲೆಯಲ್ಲಿಟ್ಟು ಅಲ್ಲಿಂದಲೇ ಪಠ್ಯ ಮುಂದುವರಿಸಿದರೆ ಸಾಕು; ಪುಟ ಉಳಿಯುತ್ತದೆ, ಓದುಗನೂ ದಾರಿ ತಪ್ಪುವುದಿಲ್ಲ.

ರೈಸ್‌ಗೂ ಶಾಸನ ಕೊರೆದವರಿಗೂ ಒಂದು ಸೌಕರ್ಯವಿತ್ತು. ‘ಇದು ತಲೆಬರಹ’ ಎಂದು ಅವರು ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಓದುಗ ಮನುಷ್ಯ, ದಪ್ಪ ಅಕ್ಷರ ಕಂಡೊಡನೆ ಅರ್ಥ ಮಾಡಿಕೊಳ್ಳುತ್ತಾನೆ. ಪರಿವಿಡಿ ಬೇಕಾದರೆ ಒಬ್ಬರು ಕರಡು ಹಾಳೆಗಳನ್ನು ತಿರುವುತ್ತ ಹೆಸರು, ಪುಟ ಬರೆದುಕೊಂಡರಾಯಿತು. ಕಂಪ್ಯೂಟರಿನ ಮಟ್ಟಿಗೆ ದಪ್ಪ ಅಕ್ಷರ ಎಂದರೆ ದಪ್ಪ ಅಕ್ಷರ, ಅಷ್ಟೇ. ಪ್ಯಾರಾದ ನಡುವೆ ಒತ್ತು ಕೊಡಲು ದಪ್ಪ ಮಾಡಿದ ಪದಕ್ಕೂ ಪ್ಯಾರಾದ ತಲೆಯ ‘ಹಳೇಬೀಡು’ ಎಂಬ ಹೆಸರಿಗೂ ಅದಕ್ಕೆ ವ್ಯತ್ಯಾಸ ಗೊತ್ತಿಲ್ಲ. ಪರಿವಿಡಿ ತಾನಾಗಿ ಹುಟ್ಟಬೇಕಾದರೆ ತಲೆಬರಹ ಯಾವುದು, ಯಾವ ಮಟ್ಟದ್ದು ಎಂಬುದನ್ನು ಕಡತದೊಳಗೇ ದಾಖಲಿಸಬೇಕು. ಹೆಡಿಂಗ್ 1, ಹೆಡಿಂಗ್ 2, ಹೆಡಿಂಗ್ 3 ಎಂಬ ಸ್ಟೈಲ್‌ಗಳು ಇರುವುದು ಈ ಕೆಲಸಕ್ಕೆ.

ಒಬ್ಬರು ಹಾಸನ ಜಿಲ್ಲೆಯ ದೇವಾಲಯಗಳ ಕೈಪಿಡಿಯೊಂದನ್ನು ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಬರೆಯುತ್ತಿದ್ದಾರೆ ಎಂದಿಟ್ಟುಕೊಳ್ಳಿ. ಗೆಜೆಟಿಯರ್ ಮಾದರಿಯಲ್ಲೇ ಬರೆದಿದ್ದಾರೆ: ‘ಹಾರನಹಳ್ಳಿ. ಅರಸೀಕೆರೆ ತಾಲ್ಲೂಕಿನ ಈ ಊರಿನಲ್ಲಿ ಹದಿಮೂರನೆಯ ಶತಮಾನದ ಸೋಮೇಶ್ವರ, ಲಕ್ಷ್ಮೀನರಸಿಂಹ ದೇವಾಲಯಗಳಿವೆ…’ ಎಂದು ಹತ್ತು ಸಾಲಿನ ಪ್ಯಾರಾ. ಊರಿನ ಹೆಸರು ಪರಿವಿಡಿಗೆ ಬರಲಿ ಎಂದು ಕರ್ಸರನ್ನು ಅಲ್ಲಿಟ್ಟು ಹೆಡಿಂಗ್ 3 ಒತ್ತುತ್ತಾರೆ. ಹತ್ತೂ ಸಾಲು ತಲೆಬರಹವಾಗಿ ಉಬ್ಬುತ್ತವೆ. ಪರಿವಿಡಿ ತೆಗೆದರೆ ಹಾರನಹಳ್ಳಿಯ ಇಡೀ ಪುರಾಣವೇ ಅಲ್ಲಿ ಬಂದು ಕೂತಿರುತ್ತದೆ, ಕೊನೆಯಲ್ಲಿ ಚುಕ್ಕಿಸಾಲು, ಪುಟಸಂಖ್ಯೆ. ಇದನ್ನು ಕಂಡು ಕೈಚೆಲ್ಲಿದವರು ಹೆಸರನ್ನು ಬರೀ ದಪ್ಪ ಮಾಡಿ, ಪರಿವಿಡಿಯನ್ನು ಕೈಯಾರೆ ಟೈಪಿಸಲು ಕೂರುತ್ತಾರೆ. ಆಮೇಲೆ ಒಂದು ಚಿತ್ರ ಸೇರಿಸಿದರೂ ಅಲ್ಲಿಂದ ಮುಂದಿನ ಪುಟಸಂಖ್ಯೆಗಳೆಲ್ಲ ಸುಳ್ಳು.

ತಪ್ಪು ಒತ್ತಿದ ಕೈಯದ್ದಲ್ಲ. ವರ್ಡ್ ಪಠ್ಯವನ್ನು ನೋಡುವ ರೀತಿಯೇ ಹಾಗಿದೆ. ಅದರ ಬೇರು 1974ರಲ್ಲಿ ಝೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಪ್ರಯೋಗಾಲಯದಲ್ಲಿ ಬಟ್ಲರ್ ಲ್ಯಾಂಪ್ಸನ್ ಮತ್ತು ಚಾರ್ಲ್ಸ್ ಸಿಮೊನ್ಯಿ ಕಟ್ಟಿದ ಬ್ರಾವೊ ಎಂಬ ತಂತ್ರಾಂಶದಲ್ಲಿದೆ. ಸಿಮೊನ್ಯಿ 1981ರಲ್ಲಿ ಮೈಕ್ರೋಸಾಫ್ಟ್ ಸೇರಿದರು. 1983ರಲ್ಲಿ ವರ್ಡ್ ಬಂತು. ಈ ಪರಂಪರೆಯಲ್ಲಿ ಗುಣಲಕ್ಷಣಗಳು ಎರಡು ಹಂತದಲ್ಲಿ ಅಂಟಿಕೊಳ್ಳುತ್ತವೆ. ದಪ್ಪ, ಓರೆ, ಬಣ್ಣ, ಗಾತ್ರ ಇವು ಅಕ್ಷರದ ಗುಣ. ಒಂದೇ ಅಕ್ಷರಕ್ಕೂ ಕೊಡಬಹುದು. ಅಂಚು, ಸಾಲಿನ ಅಂತರ, ತಲೆಬರಹದ ಮಟ್ಟ ಇವು ಪ್ಯಾರಾದ ಗುಣ. ಕೊಟ್ಟರೆ ಇಡೀ ಪ್ಯಾರಾಕ್ಕೆ, ಇಲ್ಲದಿದ್ದರೆ ಇಲ್ಲ. ಎಂಟರ್ ಒತ್ತಿದಾಗ ಮೂಡುವ, ಸಾಮಾನ್ಯವಾಗಿ ಕಣ್ಣಿಗೆ ಬೀಳದ ಪ್ಯಾರಾ ಗುರುತಿನ ಜೊತೆಗೆ ಈ ಎರಡನೆಯ ಬಗೆಯ ಗುಣಗಳೆಲ್ಲ ಕಟ್ಟಿಕೊಂಡಿರುತ್ತವೆ. ಆ ಗುರುತನ್ನು ಅಳಿಸಿದರೆ ಎರಡು ಪ್ಯಾರಾ ಕೂಡಿಕೊಂಡು ಒಂದರ ಸ್ಟೈಲ್ ಇನ್ನೊಂದಕ್ಕೆ ಬಂದುಬಿಡುವುದನ್ನು ವರ್ಡ್ ಬಳಸಿದವರೆಲ್ಲ ಒಮ್ಮೆಯಾದರೂ ಕಂಡಿರುತ್ತಾರೆ. ಸಾಲಿನೊಳಗಿನ ತಲೆಬರಹ ಕೇಳುವುದಾದರೋ ಅರ್ಧ ಪ್ಯಾರಾಕ್ಕೆ ಒಂದು ಮಟ್ಟ, ಉಳಿದರ್ಧಕ್ಕೆ ಇನ್ನೊಂದು. ಈ ಪದ್ಧತಿಯಲ್ಲಿ ಅಂಥದ್ದಕ್ಕೆ ಜಾಗವೇ ಇಲ್ಲ.

ಮೈಕ್ರೋಸಾಫ್ಟ್ ‘ವರ್ಡ್ 2002’ ಎಂಬ ಆವೃತ್ತಿಯಲ್ಲಿ ತಂದ ಉಪಾಯದ ಹೆಸರು ಸ್ಟೈಲ್ ಸೆಪರೇಟರ್. ಮೂಲ ನಿಯಮವನ್ನು ಅದು ಮುರಿಯುವುದಿಲ್ಲ, ಕಣ್ಣು ತಪ್ಪಿಸುತ್ತದೆ. ಬಳಸುವ ಕ್ರಮ ಸುಲಭ. ‘ಹಾರನಹಳ್ಳಿ’ ಎಂಬುದನ್ನು ಒಂದು ಪ್ಯಾರಾ ಮಾಡಿ ಹೆಡಿಂಗ್ 3 ಕೊಡಬೇಕು. ವಿವರವನ್ನು ಅದರ ಕೆಳಗೆ ಇನ್ನೊಂದು ಪ್ಯಾರಾ ಮಾಡಿ ಮಾಮೂಲಿ ಸ್ಟೈಲ್ ಕೊಡಬೇಕು. ಕರ್ಸರನ್ನು ತಲೆಬರಹದಲ್ಲಿಟ್ಟು ಕಂಟ್ರೋಲ್, ಆಲ್ಟ್, ಎಂಟರ್ ಮೂರನ್ನೂ ಒಟ್ಟಿಗೆ ಒತ್ತಿದರೆ ಕೆಳಗಿನ ಪ್ಯಾರಾ ಮೇಲೆ ಬಂದು ಅದೇ ಸಾಲಿಗೆ ಸೇರುತ್ತದೆ. ನೋಡುವವರಿಗೆ ಒಂದೇ ಪ್ಯಾರಾ. ಕಡತದೊಳಗೆ ಈಗಲೂ ಎರಡು. ಅರಸೀಕೆರೆ ಜಂಕ್ಷನ್ನಿನಲ್ಲಿ ಕೊಂಡಿ ಹಾಕಿದ ಎರಡು ಬೋಗಿಗಳ ಹಾಗೆ: ಪ್ಲಾಟ್‌ಫಾರ್ಮಿನ ಮೇಲಿರುವವರಿಗೆ ಒಂದೇ ಗಾಡಿ, ರೈಲ್ವೆಯ ದಫ್ತರಿನಲ್ಲಿ ಒಂದೊಂದಕ್ಕೂ ಅದರದೇ ನಂಬರು. ಪರಿವಿಡಿ ಮೊದಲ ಬೋಗಿಯನ್ನಷ್ಟೇ ಎತ್ತಿಕೊಳ್ಳುತ್ತದೆ.

ಕುತೂಹಲವಿದ್ದವರು ಕಡತದ ಒಂದು ಪ್ರತಿ ಮಾಡಿ, ಹೆಸರಿನ ಬಾಲದಲ್ಲಿರುವ ‘ಡಾಕ್ಸ್’ ಅನ್ನು ‘ಜಿಪ್’ ಎಂದು ಬದಲಿಸಿ ಬಿಚ್ಚಿ ನೋಡಬಹುದು. ಇಂದಿನ ವರ್ಡ್ ಕಡತ ಅಸಲಿಗೆ ಒಂದು ಜಿಪ್ ಗಂಟು; ಒಳಗೆ ಎಕ್ಸ್‌ಎಂಎಲ್ ಎಂಬ ಗುರುತುಭಾಷೆಯ ಪಠ್ಯ. ಸ್ಟೈಲ್ ಸೆಪರೇಟರ್ ಹಾಕಿದ ಜಾಗದಲ್ಲಿ ಪ್ಯಾರಾ ಗುರುತಿನ ಗುಣಗಳ ನಡುವೆ ‘ವ್ಯಾನಿಶ್’ ಮತ್ತು ‘ಸ್ಪೆಕ್‌ವ್ಯಾನಿಶ್’ ಎಂಬ ಎರಡು ಗುರುತುಗಳು ಸಿಗುತ್ತವೆ. ಮೊದಲನೆಯದು ಮರೆಯಾಗು ಎನ್ನುತ್ತದೆ. ಎರಡನೆಯದು, ಮರೆಗುರುತುಗಳನ್ನು ತೋರಿಸು ಎಂದು ಬಳಕೆದಾರ ಕೇಳಿದಾಗಲೂ ಈ ಪ್ಯಾರಾವನ್ನು ಮುರಿದು ಕೆಳಗಿಳಿಸಬೇಡ ಎನ್ನುತ್ತದೆ. ಈ ಸೌಲಭ್ಯ ಬರುವ ಮೊದಲು ಅನುಭವಸ್ಥರು ಪ್ಯಾರಾ ಗುರುತನ್ನು ಕೈಯಾರೆ ಹಿಡನ್ ಮಾಡುತ್ತಿದ್ದರು. ಮರೆಗುರುತು ತೋರಿಸಿದ ಕ್ಷಣವೇ ಪುಟವಿನ್ಯಾಸ ಕುಪ್ಪಳಿಸುತ್ತಿತ್ತು.

ಇಲ್ಲೊಂದು ಸಣ್ಣ ಜಾಣ್ಮೆ ಬೇಕು. ಊರಿನ ಹೆಸರಿನ ಮುಂದಿನ ಚುಕ್ಕಿಯನ್ನು ತಲೆಬರಹದ ಪ್ಯಾರಾದಲ್ಲೇ ಬಿಟ್ಟರೆ ಪರಿವಿಡಿಯಲ್ಲೂ ‘ಹಾರನಹಳ್ಳಿ.’ ಎಂದು ಚುಕ್ಕಿ ಸಮೇತ ಬರುತ್ತದೆ. ಚುಕ್ಕಿಯನ್ನು ಎರಡನೆಯ ಪ್ಯಾರಾದ ಮೊದಲ ಅಕ್ಷರವಾಗಿ ಇಟ್ಟರೆ ಪುಟದಲ್ಲೂ ಸರಿ, ಪರಿವಿಡಿಯಲ್ಲೂ ಸರಿ.

ಎರಡನೆಯ ದಾರಿ ಇನ್ನೂ ಹತ್ತಿರದ್ದು. ವರ್ಡ್‌ನ ಹೆಡಿಂಗ್ ಸ್ಟೈಲ್‌ಗಳು ಜೋಡಿ ಸ್ಟೈಲ್‌ಗಳು, ಅಂದರೆ ಪ್ಯಾರಾಕ್ಕೂ ಹಾಕಬಹುದು, ಪ್ಯಾರಾದ ಒಂದು ತುಂಡಿಗೂ ಹಾಕಬಹುದು. ‘ಹಾರನಹಳ್ಳಿ’ ಎಂಬ ಪದವನ್ನಷ್ಟೇ ಆಯ್ದು ಹೆಡಿಂಗ್ 3 ಒತ್ತಿದರೆ ಅಕ್ಷರದ ರೂಪ ಮಾತ್ರ ಬದಲಾಗುತ್ತದೆ, ಪರಿವಿಡಿ ಆ ಪದವನ್ನು ಮಾತ್ರ ಆರಿಸಿಕೊಳ್ಳುತ್ತದೆ. ಆದರೆ ಪ್ಯಾರಾಕ್ಕೆ ತಲೆಬರಹದ ಮಟ್ಟ ಸಿಕ್ಕಿರುವುದಿಲ್ಲ. ಹಾಗಾಗಿ ಎಡಗಡೆಯ ನ್ಯಾವಿಗೇಶನ್ ಪಟ್ಟಿಯಲ್ಲಿ ಊರು ಕಾಣುವುದಿಲ್ಲ. ತಲೆಬರಹದಿಂದ ತಲೆಬರಹಕ್ಕೆ ಜಿಗಿಯುತ್ತ ಓದುವ, ಸ್ಕ್ರೀನ್ ರೀಡರ್ ನಂಬಿದ ಅಂಧ ಓದುಗರಿಗೂ ಅದು ದಕ್ಕುವ ಸಂಭವ ಕಡಿಮೆ. ಅಚ್ಚಿಗೆ ಹೋಗುವ ಪುಸ್ತಕಕ್ಕೆ ಸಾಕು, ಪರದೆಯ ಮೇಲೆ ಓದುವ ಪುಸ್ತಕಕ್ಕೆ ಸಾಲದು.

ಮೂರನೆಯದು ಟಿಸಿ ಫೀಲ್ಡ್. ಆಲ್ಟ್, ಶಿಫ್ಟ್ ಜೊತೆ ‘ಓ’ ಒತ್ತಿದರೆ ಒಂದು ಚೌಕ ತೆರೆಯುತ್ತದೆ. ಪರಿವಿಡಿಯಲ್ಲಿ ಬರಬೇಕಾದ ಪದ ಮತ್ತು ಮಟ್ಟವನ್ನು ಅಲ್ಲಿ ಕೊಡಬೇಕು. ಪುಟದಲ್ಲಿ ಅದು ಮರೆಯಾಗಿರುತ್ತದೆ. ಪರಿವಿಡಿಯ ಆಯ್ಕೆಗಳಲ್ಲಿ ಟೇಬಲ್ ಎಂಟ್ರಿ ಫೀಲ್ಡ್ಸ್ ಎಂಬುದಕ್ಕೆ ಗುರುತು ಹಾಕಿದರೆ ಮಾತ್ರ ವರ್ಡ್ ಇವನ್ನು ಹುಡುಕುತ್ತದೆ. ಪುಟದಲ್ಲಿ ಒಂದು ರೂಪ, ಪರಿವಿಡಿಯಲ್ಲಿ ಇನ್ನೊಂದು ರೂಪ ಬೇಕಾದಾಗ ಇದೇ ಮದ್ದು. ಅದೇ ಇದರ ರೋಗವೂ ಹೌದು. ಟಿಸಿ ಫೀಲ್ಡ್‌ನಲ್ಲಿ ಇರುವುದು ತಲೆಬರಹದ ನಕಲು. ಪುಸ್ತಕದ ತುಂಬ ‘ಹಳೆಬೀಡು’ ಇದ್ದದ್ದನ್ನು ‘ಹಳೇಬೀಡು’ ಎಂದು ತಿದ್ದುವಾಗ ಮರೆಯಲ್ಲಿದ್ದ ನಕಲು ಹಾಗೇ ಉಳಿದರೆ ಪರಿವಿಡಿಯೊಂದು, ಪುಟವೊಂದು.

ನಕಲಿನ ಅಪಾಯ ಎಷ್ಟು ದೊಡ್ಡದೆಂದು ಶಾಸನ ಸಂಪುಟಗಳನ್ನು ಬಳಸುವವರಿಗೆ ಗೊತ್ತು. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟ ಹಾಸನ ಜಿಲ್ಲೆಯದು. 1902ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಅಲ್ಲಿ ಪ್ರತಿ ತಾಲ್ಲೂಕಿಗೂ ಒಂದರಿಂದ ಶುರುವಾಗುವ ಎಣಿಕೆ. ಬೇಲೂರು 58 ಎಂದರೆ ವಿಷ್ಣುವರ್ಧನ 1117ರಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ್ದನ್ನು ಹೇಳುವ ಶಾಸನ. ಬೇಲೂರು 124 ಎಂದರೆ ಹಳೇಬೀಡಿನ ಪಾರ್ಶ್ವನಾಥ ಬಸದಿಯ ಶಾಸನ. ಇತಿಹಾಸ ಬರೆಯುವವರು ದಶಕಗಟ್ಟಲೆ ಈ ಸಂಖ್ಯೆಗಳನ್ನೇ ಅಡಿಟಿಪ್ಪಣಿಗಳಲ್ಲಿ ನಕಲು ಮಾಡಿಕೊಂಡರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ತಂದಾಗ ಎಣಿಕೆ ಬದಲಾಯಿತು. ಹಳೆಯ ಸಂಖ್ಯೆಗೆ ಹೊಸ ಸಂಖ್ಯೆ ಹೊಂದಿಸುವ ಕೋಷ್ಟಕಗಳು ಬೇಕಾದವು. ಅಚ್ಚಾಗಿ ಹೋದ ಪುಸ್ತಕಗಳಿಗೆ ಬೇರೆ ದಾರಿಯಿಲ್ಲ. ಕಂಪ್ಯೂಟರಿನಲ್ಲಿ ಇಂದು ಬರೆಯುವವರಿಗೆ ಇದೆ: ಹೆಸರು ಒಂದೇ ಕಡೆ ಇರಲಿ, ಪರಿವಿಡಿ, ಅಡ್ಡ ಉಲ್ಲೇಖ, ಪುಟದ ನೆತ್ತಿಯ ಸಾಲು ಎಲ್ಲವೂ ಅಲ್ಲಿಂದಲೇ ಎತ್ತಿಕೊಳ್ಳಲಿ.

ಲಿಬ್ರೆಆಫೀಸ್ ರೈಟರ್ ಈ ವಿಷಯದಲ್ಲಿ ಹೆಚ್ಚು ಪ್ರಾಮಾಣಿಕ. ಅದರ ಕಡತದಲ್ಲೂ ತಲೆಬರಹ ಮತ್ತು ಪ್ಯಾರಾ ಬೇರೆ ಬೇರೆ ಘಟಕಗಳು. ಆದರೆ ಪ್ಯಾರಾದೊಳಗಿನ ಒಂದು ತುಂಡನ್ನು ಪರಿವಿಡಿಗಾಗಿ ಗುರುತು ಮಾಡುವ ವ್ಯವಸ್ಥೆಯೂ ಇದೆ. ಪದವನ್ನು ಆಯ್ದು, ಇನ್ಸರ್ಟ್ ಪಟ್ಟಿಯಲ್ಲಿ ಇಂಡೆಕ್ಸ್ ಎಂಟ್ರಿ ಎಂಬುದನ್ನು ತೆರೆದು, ಬಗೆಯನ್ನು ಟೇಬಲ್ ಆಫ್ ಕಂಟೆಂಟ್ಸ್ ಎಂದು ಆರಿಸಿ, ಮಟ್ಟ ಕೊಡಬೇಕು. ಪದದ ಆರಂಭಕ್ಕೊಂದು, ಅಂತ್ಯಕ್ಕೊಂದು ಗುರುತು ಬೀಳುತ್ತದೆ. ಪರಿವಿಡಿ ಎರಡರ ನಡುವೆ ಏನಿದೆಯೋ ಅದನ್ನು ಓದುತ್ತದೆ. ಹಾಗಾಗಿ ಪದ ತಿದ್ದಿದರೆ ಪರಿವಿಡಿಯೂ ಹಿಂದೆಯೇ ಬರುತ್ತದೆ. ಪರಿವಿಡಿ ತಯಾರಿಸುವ ಚೌಕದಲ್ಲಿ ಇಂಡೆಕ್ಸ್ ಮಾರ್ಕ್ಸ್ ಎಂಬಲ್ಲಿ ಗುರುತು ಹಾಕಿರಬೇಕು, ಅಷ್ಟೇ. ಒಂದು ಎಚ್ಚರಿಕೆ: ವರ್ಡ್‌ನ ಕಡತವನ್ನು ರೈಟರ್‌ನಲ್ಲಿ, ರೈಟರ್‌ನದ್ದನ್ನು ವರ್ಡ್‌ನಲ್ಲಿ ತೆರೆದಾಗ ಇಂಥ ಗುರುತುಗಳೇ ಮೊದಲು ಪೆಟ್ಟು ತಿನ್ನುತ್ತವೆ. ಕೆಲಸ ಶುರುವಾದ ತಂತ್ರಾಂಶದಲ್ಲೇ ಮುಗಿಸುವುದು ಕ್ಷೇಮ.

ಗಣಿತದವರ, ಭೌತವಿಜ್ಞಾನಿಗಳ ನೆಚ್ಚಿನ ಲೇಟೆಕ್‌ನಲ್ಲಿ ಇದೊಂದು ಸಮಸ್ಯೆಯೇ ಅಲ್ಲ. ಅಲ್ಲಿ ‘ಪ್ಯಾರಾಗ್ರಾಫ್’ ಎಂಬ ಆದೇಶ ಕೊಟ್ಟರೆ ತಲೆಬರಹ ಹುಟ್ಟಿನಿಂದಲೇ ಸಾಲಿನೊಳಗೆ ಕೂರುತ್ತದೆ. ಒಳಗಿನ ತಂತ್ರ ಸ್ವಾರಸ್ಯದ್ದು: ತಲೆಬರಹದ ನಂತರ ಬಿಡಬೇಕಾದ ಅಂತರವನ್ನು ಒಂದು ಸಂಖ್ಯೆಯಾಗಿ ಕೊಡುತ್ತಾರೆ. ಆ ಸಂಖ್ಯೆ ಧನವಾದರೆ ಅಷ್ಟು ಜಾಗ ಕೆಳಕ್ಕೆ ಬಿಟ್ಟು ಹೊಸ ಸಾಲು. ಋಣವಾದರೆ ಅಷ್ಟೇ ಜಾಗ ಪಕ್ಕಕ್ಕೆ ಬಿಟ್ಟು ಅದೇ ಸಾಲು. ಒಂದು ಮೈನಸ್ ಚಿಹ್ನೆಯ ಮೇಲೆ ಇಷ್ಟೆಲ್ಲ ನಿಂತಿದೆ. ಪರಿವಿಡಿಗೆ ಬರಬೇಕಾದರೆ ಆಳವನ್ನು 4ಕ್ಕೆ ಏರಿಸಬೇಕು, ಯಾಕೆಂದರೆ ಈ ತಲೆಬರಹ ನಾಲ್ಕನೆಯ ಮೆಟ್ಟಿಲಿನದು. ಫ್ರೇಮ್‌ಮೇಕರ್ ಎಂಬ ತಂತ್ರಾಂಶವೂ ಪ್ಯಾರಾದ ಗುಣಗಳಲ್ಲೇ ರನ್-ಇನ್ ಹೆಡ್ ಎಂಬ ಆಯ್ಕೆ ಇಟ್ಟು, ಮುಂದಿನ ವಿರಾಮಚಿಹ್ನೆಯನ್ನೂ ತಾನೇ ಹಾಕಿಕೊಡುತ್ತದೆ. ಜಾಲತಾಣಗಳ ವಿನ್ಯಾಸಭಾಷೆಯಲ್ಲೂ ಇಂಥದ್ದೊಂದು ಸೌಲಭ್ಯ ಸೇರಿತ್ತು. ಕ್ರೋಮ್ 2014ರಲ್ಲಿ ಅದನ್ನು ಕೈಬಿಟ್ಟಿತು.

ಇಷ್ಟೂ ಕನ್ನಡ, ಇಂಗ್ಲಿಷ್ ಎನ್ನದೆ ಎಲ್ಲರಿಗೂ ಬರುವ ಪಾಡು. ಕನ್ನಡಕ್ಕೇ ವಿಶೇಷವಾದ ಕಾಟ ಬೇರೆ ಇದೆ. ಹಾಸನದಲ್ಲಾಗಲಿ ಅರಸೀಕೆರೆಯಲ್ಲಾಗಲಿ ಡಿಟಿಪಿ ಮಾಡುವವರ ಹಳೆಯ ಕಡತಗಳಲ್ಲಿ ಯೂನಿಕೋಡ್ ಅಲ್ಲದ ನುಡಿ, ಬರಹ ಫಾಂಟುಗಳ ಪಠ್ಯ ಸಿಗುವುದು ಅಪರೂಪವೇನಲ್ಲ. ಇಂಥ ಫಾಂಟುಗಳು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸ್ಥಾನಗಳಲ್ಲಿ ಕೂರಿಸುತ್ತವೆ. ಕಡತದೊಳಗೆ ಇರುವುದು ಟೋಪಿ ಹಾಕಿದ ‘ಎ’, ಎರಡು ಚುಕ್ಕಿಯ ‘ಓ’ ಮುಂತಾದವೇ. ಫಾಂಟಿನ ಮುಖವಾಡ ಇರುವವರೆಗೆ ಅವು ಕನ್ನಡವಾಗಿ ಕಾಣುತ್ತವೆ. ಈಗ ಪರಿವಿಡಿ ತೆಗೆಯಿರಿ. ವರ್ಡ್ ತಲೆಬರಹದ ಪಠ್ಯವನ್ನು ಎತ್ತಿಕೊಂಡು ಹೋಗಿ ಟಿಓಸಿ 1, ಟಿಓಸಿ 2, ಟಿಓಸಿ 3 ಎಂಬ ತನ್ನದೇ ಸ್ಟೈಲ್‌ಗಳಲ್ಲಿ ಸುರಿಯುತ್ತದೆ. ಅವುಗಳ ಫಾಂಟು ಕ್ಯಾಲಿಬ್ರಿಯೋ ಟೈಮ್ಸೋ ಆಗಿದ್ದರೆ ಮುಖವಾಡ ಕಳಚಿತು. ಬೇಲೂರು, ಹಳೇಬೀಡು, ಜಾವಗಲ್ ಎಲ್ಲ ಒಂದೇ ಬಗೆಯ ಕಾಗೆಕಾಲು ಗುಬ್ಬಿಕಾಲು. ಹಲವರು ಇದನ್ನು ವೈರಸ್ಸಿನ ಕೆಲಸ ಎಂದುಕೊಳ್ಳುತ್ತಾರೆ. ಆ ಮೂರು ಸ್ಟೈಲ್‌ಗಳಿಗೂ ಅದೇ ನುಡಿ ಫಾಂಟ್ ಕೊಟ್ಟರೆ ಊರುಗಳು ಮರಳಿ ಬರುತ್ತವೆ. ಪುಟಸಂಖ್ಯೆಗಳ ರೂಪವನ್ನೂ ಆಗ ಒಮ್ಮೆ ನೋಡಿಕೊಳ್ಳಬೇಕು.

ಯೂನಿಕೋಡ್‌ನಲ್ಲಿ ಈ ಗೋಳಿಲ್ಲ. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ 128 ಸ್ಥಾನಗಳ ಸ್ವಂತ ವಠಾರವಿದೆ; ಫಾಂಟ್ ಬದಲಾದರೆ ಅಕ್ಷರದ ಚೆಲುವು ಬದಲಾದೀತು, ‘ಬೇ’ ಹೋಗಿ ಬೇರೇನೋ ಆಗುವುದಿಲ್ಲ. ಉಳಿದಿರುವ ಒಂದು ತೊಡಕೆಂದರೆ ವರ್ಡ್ ಕನ್ನಡವನ್ನು ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎಂದು ಬೇರೆ ಪಂಕ್ತಿಯಲ್ಲಿ ಕೂರಿಸುತ್ತದೆ. ಪ್ರತಿ ಸ್ಟೈಲ್‌ನಲ್ಲೂ ಲ್ಯಾಟಿನ್ ಲಿಪಿಗೊಂದು, ಇಂಥ ಲಿಪಿಗಳಿಗೊಂದು ಎಂದು ಫಾಂಟ್, ಗಾತ್ರ, ದಪ್ಪ ಎಲ್ಲವೂ ಎರಡೆರಡು. ಹೆಡಿಂಗ್ 3ರಲ್ಲಿ ಮೇಲಿನ ಪಂಕ್ತಿಯನ್ನಷ್ಟೇ ತಿದ್ದಿದವರಿಗೆ 1117 ಎಂಬ ಅಂಕಿ ಒಂದು ಅಳತೆಯಲ್ಲಿ, ಬೇಲೂರು ಇನ್ನೊಂದು ಅಳತೆಯಲ್ಲಿ ಕಾಣುತ್ತದೆ. ಫಾಂಟ್ ಚೌಕದಲ್ಲಿ ಎರಡೂ ಕಡೆ ತುಂಬಿದರೆ ಸರಿಹೋಗುತ್ತದೆ.

ತಂತ್ರ ಗೊತ್ತಾದ ಮೇಲೆ ಬರುವ ಚಪಲ ಇನ್ನೊಂದು: ಸಿಕ್ಕ ತಲೆಬರಹವನ್ನೆಲ್ಲ ಪರಿವಿಡಿಗೆ ತಳ್ಳುವುದು. ಸಾಲಿನೊಳಗಿನ ತಲೆಬರಹಗಳು ಸಾಮಾನ್ಯವಾಗಿ ಲೆಕ್ಕಕ್ಕೆ ಮೀರಿದಷ್ಟು ಇರುತ್ತವೆ. ಅರಸೀಕೆರೆ ತಾಲ್ಲೂಕಿನ ಹತ್ತು ದೇವಾಲಯಗಳ ಕೈಪಿಡಿಗೆ ಹತ್ತೂ ಊರು ಪರಿವಿಡಿಯಲ್ಲಿರುವುದು ಚೆನ್ನ. 1220ರ ಶಿವಾಲಯಕ್ಕಾಗಿ ಪುಸ್ತಕ ಕೊಂಡವನಿಗೆ ಅರಸೀಕೆರೆಯ ಪುಟ ಕೂಡಲೇ ಸಿಗುತ್ತದೆ. ಇಡೀ ಜಿಲ್ಲೆಯ ಮುನ್ನೂರು ಊರುಗಳ ಪುಸ್ತಕಕ್ಕೆ ಅದು ಹಿಂಸೆ. ಅಂಥಲ್ಲಿ ಪರಿವಿಡಿ ತಾಲ್ಲೂಕಿನ ಮಟ್ಟಕ್ಕೆ ನಿಲ್ಲಲಿ, ಊರುಗಳು ಪುಸ್ತಕದ ಕೊನೆಯ ಅಕಾರಾದಿಗೆ ಹೋಗಲಿ.

ಒಟ್ಟಿನಲ್ಲಿ ವರ್ಡ್‌ನಲ್ಲಿ ಬರೆಯುವವರಿಗೆ ಸ್ಟೈಲ್ ಸೆಪರೇಟರ್, ರೈಟರ್‌ನಲ್ಲಿ ಬರೆಯುವವರಿಗೆ ಇಂಡೆಕ್ಸ್ ಎಂಟ್ರಿ ಉತ್ತಮ. ಟಿಸಿ ಫೀಲ್ಡ್ ಬೇರೆ ದಾರಿ ಇಲ್ಲದಾಗ ಮಾತ್ರ. ಯಾವುದನ್ನು ಬಳಸಿದರೂ ಪರಿವಿಡಿ ತಾನೇ ತಾಜಾ ಆಗುತ್ತದೆ ಎಂದು ನಂಬಬೇಡಿ. ಮುದ್ರಣಕ್ಕೆ ಕೊಡುವ ಮುನ್ನ ವರ್ಡ್‌ನಲ್ಲಿ ಕರ್ಸರನ್ನು ಪರಿವಿಡಿಯೊಳಗಿಟ್ಟು ಎಫ್9 ಒತ್ತಿ, ಬರೀ ಪುಟಸಂಖ್ಯೆಯೋ ಇಡೀ ಪಟ್ಟಿಯೋ ಎಂದು ಕೇಳಿದಾಗ ಇಡೀ ಪಟ್ಟಿ ಎನ್ನಿ, ಆಮೇಲೆ ನಾಲ್ಕಾರು ಊರುಗಳ ಪುಟ ತೆರೆದು ಕಣ್ಣಾರೆ ತಾಳೆ ನೋಡಿ.